ವಲ್ಲಿಯ ಹೊರಗೆ ಕೂಗಿದ ಬೆಲೆ

ಅಪ್ಪಾ,

ತೀರ್ಥರೂಪ, ಸಾಷ್ಟಾಂಗ ಎಂದೆಲ್ಲ ಶುರು ಮಾಡಿದರೆ ನೀನು ಕೇಳುವವನಲ್ಲ. ಬದುಕಿದ್ದಾಗಲೂ ಯಾರದಾದರೂ ಕಾಗದ ಬಂದರೆ ನನ್ನ ಕೈಗೆ ಕೊಟ್ಟು, "ಮ್ಯಾಲಿಂದೆಲ್ಲಾ ಬಿಟ್ಟು ಕೆಲಸದ ಮಾತು ಓದವಾ" ಎನ್ನುತ್ತಿದ್ದೆ. ಹಾಗಾದರೆ ಕೆಲಸದ ಮಾತೇ ಕೇಳು. ನಿನ್ನ ಮಗಳು ಮೋಟಾರು ಕೊಂಡಳು. ನೀನು ಬೇಡವೆಂದ ಮೋಟಾರು, ನೀನು ಬೇಡವೆಂದ ರೀತಿಯಲ್ಲೇ. ಸಿಟ್ಟು ಬಂದರೆ ಬರಲಿ, ಆದರೆ ನಡುವೆ ಎದ್ದು ಹೋಗಬೇಡ.

ಮೂಡಲಗಿಯ ದನದ ಸಂತೆಗೆ ನಿನಗೆ ಬುತ್ತಿ ತಂದ ದಿನ ನೆನಪಿದೆಯೆ? ನಾನಿನ್ನೂ ಲಂಗ ಉಡುವ ಹುಡುಗಿ. ನೀನು ಎತ್ತುಗಳ ದಲಾಲಿ, ಸಂತೆಯಲ್ಲಿ ನಿನ್ನ ಮಾತಿಗೆ ಎದುರಿಲ್ಲ. ಯಾವನೋ ರೈತನ ಕೈ ಹಿಡಿದು, ಹೆಗಲ ಮೇಲಿನ ವಲ್ಲಿಯನ್ನು ಎರಡೂ ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಒತ್ತಿ ಒತ್ತಿ ಬೆಲೆ ಮಾತಾಡುತ್ತಿದ್ದೆ. ಸುತ್ತ ನಿಂತವರಿಗೆ ಅರಿವೆ ಅಲುಗಾಡುವುದಷ್ಟೇ ಕಾಣುತ್ತಿತ್ತು. ನಾನು ಬುತ್ತಿ ಇಟ್ಟವಳೇ ಓಡಿ ಬಂದು ನನ್ನ ಕೈಯನ್ನೂ ವಲ್ಲಿಯೊಳಗೆ ತೂರಿಸಿದೆ. ಎಲ್ಲರೂ ನಕ್ಕರು, ನೀನು ನಗಲಿಲ್ಲ. "ನೀಲವ್ವಾ, ಹೆಣ್ಣಮಗಳು ವ್ಯಾಪಾರದಾಗ ಕೈ ಹಾಕಬಾರದು. ವಲ್ಲಿ ತೆಳಗ ಪರಗಂಡಸರ ಕೈ ಇರ್ತಾವು" ಎಂದೆ. ಮುಂದಿನ ಸಂತೆಯಿಂದ ಬುತ್ತಿಯನ್ನು ಬೇರೆ ಯಾರೋ ತಂದರು. ಅಷ್ಟರಲ್ಲಿ ನೋಡಬೇಕಾದ್ದನ್ನೆಲ್ಲ ನಾನು ನೋಡಿಬಿಟ್ಟಿದ್ದೆ. ಎತ್ತನ್ನು ಮಲಗಿಸಿ ಎಬ್ಬಿಸಿ ನೋಡುವುದು, ಭಾರ ಹೇರಿದ ಚಕ್ಕಡಿಗೆ ಹೂಡಿ ಏರು ಹತ್ತಿಸುವುದು, ಮನಸ್ಸಿಗೆ ಬಂದ ಜೋಡಿಯನ್ನು ಬಿಟ್ಟು ಪಕ್ಕದ ಜೋಡಿಯ ಕೊಂಬು ಸವರುವುದು. ಕಣ್ಣಿಗೆ ಯಾರು ವಲ್ಲಿ ಹೊದಿಸುತ್ತಾರೆ ಅಪ್ಪಾ?

ನೀನು ಕೊನೆಯ ಸಲ ಘೋಡಗೇರಿಯ ನಮ್ಮ ಮನೆಗೆ ಬಂದಾಗ ನಾವಿಬ್ಬರೂ ಜಗಳಾಡಿದೆವಲ್ಲ, ಅದು ಇನ್ನೂ ಮುಗಿದಿಲ್ಲ. ನಿನ್ನ ಅಳಿಯ ಸಾವಕಾರನ ಬಾಡಿಗೆ ಮೋಟಾರು ನಡೆಸುತ್ತಿದ್ದ ಕಾಲ ಅದು. ಹುಕ್ಕೇರಿಯ ಸಂತೆಯ ದಿನ, ತುಂಬಿದ ಗಾಡಿಯ ಟಾಯರು ಸಿಡಿದದ್ದಕ್ಕೆ, ಸಾವಕಾರ ಎಲ್ಲರೆದುರು ಅವರ ಕೆನ್ನೆಗೆ ಹೊಡೆದ. ಟಾಯರು ಹಳೆಯದು, ಬದಲಿಸಿರೆಂದು ಇವರು ತಿಂಗಳಿಂದ ಹೇಳುತ್ತಲೇ ಇದ್ದರು. ಮನೆಗೆ ಬಂದವರು ಊಟಕ್ಕೂ ಏಳಲಿಲ್ಲ. ನನಗೆ ಗೊತ್ತಾದದ್ದು ಆ ಗಾಡಿಯಲ್ಲಿದ್ದ ಬಳೆಗಾರ್ತಿಯಿಂದ. ನಮ್ಮದೇ ಒಂದು ಮೋಟಾರು ಮಾಡೋಣ ಎಂದು ನಾನು ನಿನ್ನ ಮುಂದೆ ಹೇಳಿದರೆ ನೀನು ಏನೆಂದೆ? "ಪಗಾರ ಕೊಡೋ ಕೈ ಒಮ್ಮೆ ಬಡಿತೈತಿ. ಸುಮ್ಮನ ಇರ್ರಿ. ಆ ಕಬ್ಬಿಣದ ಡಬ್ಬಿ ಕಟ್ಟಿಕೊಂಡು ನಾಳೆ ಕೆಟ್ಟು ನಿಂತರ ಮೇವು ಹಾಕಿದರ ಏಳತೈತೇನು?" ನಾನು ತಾಟನ್ನು ಕುಕ್ಕಿ ಒಳಗೆ ಹೋದೆ. ನೀನು ಬೆಳಿಗ್ಗೆ ಚಹಾ ಕುಡಿಯದೆ ಹೊರಟೆ. ಆಮೇಲೆ ಬಂದದ್ದು ನಿನ್ನ ಸುದ್ದಿಯೇ, ನೀನಲ್ಲ. ಇರಲಿ, ಆ ಮಾತು ಬೇಡ.

ನೀನು ಮದುವೆಯಲ್ಲಿ ಹಾಕಿದ ಬಂಗಾರದ ಪಾಟ್ಲಿಗಳನ್ನು ಕೈಯಿಂದ ಬಿಚ್ಚಿದ ಮುಂಜಾನೆ ಶಿವಲಿಂಗ ಕಾಕಾ ನಮ್ಮ ಮನೆಯಲ್ಲೇ ಇದ್ದರು. ನಿನ್ನ ತಮ್ಮನಲ್ಲವೆ, ನಿನ್ನದೇ ಕಣ್ಣು ಬಿಟ್ಟು ನೋಡಿದರು. ಹೌದು, ಮಾರಿದೆ. ನಿನ್ನ ಅಳಿಯ ಸಾವಕಾರನ ಕೆಲಸ ಬಿಟ್ಟು ಬಂದಾಗಿತ್ತು. ಇನ್ನು ಕೈಯಲ್ಲಿ ಪಗಾರವೂ ಇಲ್ಲ, ಬಂಗಾರವೂ ಇಲ್ಲ. ಗಾಡಿ ಕೊಳ್ಳುವುದರಲ್ಲಿ ಮೋಸ ಹೋದರೆ ಅವರು ಮತ್ತೆ ಅದೇ ಬಾಗಿಲಿಗೆ ಹೋಗಿ, ಹೊಡೆದ ಕೈಯನ್ನೇ ಕೇಳಿಕೊಳ್ಳಬೇಕು. ಹಾಗಾಗಬಾರದೆಂದು ಕಾಕಾರನ್ನು ಮುಂದೆ ಮಾಡಿಕೊಂಡು ಗೋಕಾಕಕ್ಕೆ ಹೊರಟೆವು. ಬೆಳಗಾವಿಯ ಮೋಟಾರು ವ್ಯಾಪಾರಿಯೊಬ್ಬ ಅಲ್ಲಿ ಪೇಟೆಯ ತುದಿಗೆ ಹೊಸ ಅಂಗಡಿ ತೆರೆದಿದ್ದ. ನಿನ್ನ ಅಳಿಯನಿಗೆ ಮೋಟಾರಿನ ಹೊಟ್ಟೆಯೊಳಗಿನದೆಲ್ಲ ಗೊತ್ತು, ಆದರೆ ಬೆಲೆ ಮಾತಾಡು ಎಂದರೆ ಹೇಳಿದಷ್ಟು ಕೊಟ್ಟು ಕೈ ಮುಗಿದು ಬರುವ ಮನುಷ್ಯ. ಬೆಲೆ ಮಾತಾಡಲು ಕಾಕಾ, ಯಂತ್ರ ನೋಡಲು ಇವರು, ರೊಕ್ಕದ ಗಂಟು ಹಿಡಿಯಲು ನಾನು ಎಂದು ಮಾತಾಯಿತು.

ಕಾಕಾ ಅಂಗಡಿಯೊಳಗೆ ಕಾಲಿಟ್ಟ ಗತ್ತನ್ನು ನೀನು ನೋಡಬೇಕಿತ್ತು! ಯಾರೋ ಸಾಹೇಬರು ಊರು ಬಿಡುವಾಗ ಕೊಟ್ಟು ಹೋದ ಹಸಿರು ಗಾಡಿ ನಿಂತಿತ್ತು. ಟೈ ಕಟ್ಟಿದ ಮ್ಯಾನೇಜರ ಬೆಲೆ ಹೇಳಿದ. ಕಾಕಾ ಗಾಡಿಯ ಸುತ್ತ ಒಮ್ಮೆ ಸುತ್ತಿ, ಮೀಸೆ ತಿರುವಿ, ಮ್ಯಾನೇಜರನ ಬಲಗೈ ಹಿಡಿದು ಅದರ ಮೇಲೆ ವಲ್ಲಿ ಹೊದಿಸಿಬಿಟ್ಟರು. ಒಳಗೆ ಬೆರಳು ಒತ್ತಿ ಅರ್ಧ ಬೆಲೆಗೆ ಕೇಳಿದರಂತೆ. ಆ ಮನುಷ್ಯನಿಗೆ ಬೆರಳಿನ ಲೆಕ್ಕ ಏನು ಗೊತ್ತು? ಹಳ್ಳಿಯವರು ವ್ಯಾಪಾರ ಕುದುರಿಸುವ ಪದ್ಧತಿಯೇ ಇದಿರಬೇಕೆಂದುಕೊಂಡು, ಖುಷಿಯಿಂದ ಕಾಕಾರ ಕೈಯನ್ನು ಜೋರಾಗಿ ಕುಲುಕಿ ಬಿಟ್ಟ. "ಶಾಬಾಸ್! ಆತಲ್ರಿ, ಹೇಳಿದ ಬೆಲೆಗೆ ಗಾಡಿ ನಿಮ್ಮದು" ಎಂದು ಚಹಾ ತರಲು ಹೇಳಿದ.

ಕಾಕಾರ ಮುಖ ಬಿಳಿಚಿಕೊಂಡಿತು. "ಆಗಿಲ್ಲಂತ ಹೇಳ್ರಿ ಕಾಕಾ" ಎಂದೆ. ಅವರು ತಲೆ ಅಲ್ಲಾಡಿಸಿದರು. "ಅಂವ ಕೈ ಕುಲುಕಿ ಬಿಟ್ಟಾನ ತಂಗಿ. ಕೈ ಬಿಟ್ಟ ಮ್ಯಾಲ ಮುಗೀತು. ನಿಮ್ಮಪ್ಪ ಇದ್ದಿದ್ರೂ ಇದನ್ನ ಅಂತಿದ್ದ." ಖರೆ, ನೀನೂ ಹಾಗೇ ಅನ್ನುತ್ತಿದ್ದೆ. ಸಂತೆಯಲ್ಲಿ ಕುಲುಕಿ ಬಿಟ್ಟ ಕೈಯನ್ನು ಮತ್ತೆ ಹಿಡಿದು ಬೆಲೆ ಕೇಳಿದವನ ಮುಖಕ್ಕೆ ಜನ ಉಗುಳುತ್ತಿದ್ದರು. ಆದರೆ ನನ್ನ ಕೈಯನ್ನು ಆ ಅರಿವೆಯ ಕೆಳಗೆ ಯಾರೂ ಎಂದೂ ಬಿಟ್ಟುಕೊಂಡಿರಲಿಲ್ಲವಲ್ಲ? ಆ ಕಟ್ಟು ನನಗೇಕೆ? ಸೆರಗು ಬಿಗಿದು ಮುಂದೆ ಬಂದೆ. "ಮ್ಯಾನೇಜರ ಸಾಹೇಬ್ರ, ನೀವು ಕುಲುಕಿದ್ದು ಕಾಕಾನ ಕೈ. ರೊಕ್ಕ ನಂದು. ನನ್ನ ಕೂಡ ಮಾತಾಡ್ರಿ, ಬಾಯಿಲೆ, ಎಲ್ಲಾರಿಗೂ ಕೇಳೂವಂಗ." ಬೀದಿಯಲ್ಲಿ ಹೋಗುತ್ತಿದ್ದ ನಾಲ್ಕು ಜನ ಬಾಗಿಲಿಗೆ ಬಂದು ನಿಂತರು. ನಿಲ್ಲಲಿ ಎಂದೇ ಕೂಗಿದ್ದೆ.

ಗಾಡಿಯ ಮೂತಿಯ ಮೇಲೆ ಅಂಗೈ ಇಟ್ಟರೆ ಚುರ್ ಎಂದಿತು. "ಯಾಕ್ರಿ ಇಷ್ಟ ಬಿಸಿ?" ಎಂದೆ. "ಬಿಸಲಿಗ್ರಿ" ಎಂದ. ಗಾಡಿ ನಿಂತದ್ದು ಮಾಡಿನ ನೆರಳಲ್ಲಿ. ನಾವು ಬರುವ ಮೊದಲೇ ಓಡಿಸಿ ಕಾಯಿಸಿ ಇಟ್ಟಿದ್ದರು, ಎತ್ತಿನ ಸೊಟ್ಟ ಕಾಲು ಕಾಣದಿರಲೆಂದು ಹುಲ್ಲಿನ ಮೇಲೆ ನಿಲ್ಲಿಸುತ್ತಾರಲ್ಲ, ಹಾಗೆ. ತಣ್ಣಗಿದ್ದಾಗ ಚಾಲೂ ಆಗುವುದೇ ಮೋಟಾರಿನ ನಿಜವಾದ ಪರೀಕ್ಷೆ ಎಂದು ದಾರಿಯಲ್ಲಿ ನಿನ್ನ ಅಳಿಯ ಹೇಳಿದ್ದರು. "ಆರಲಿ ಬಿಡ್ರಿ, ನಮಗೇನೂ ಅವಸರ ಇಲ್ಲ" ಎಂದು ಅಂಗಡಿಯ ನಡುಮಧ್ಯೆ ಕೂತು ಬುತ್ತಿ ಬಿಚ್ಚಿದೆ. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಅತ್ತ ಒಬ್ಬ ವಕೀಲರು ಹೊಸ ಗಾಡಿ ನೋಡಲು ಬಂದರು. ಮ್ಯಾನೇಜರ ಒಮ್ಮೆ ಅವರನ್ನು, ಒಮ್ಮೆ ನಮ್ಮ ಉಳ್ಳಾಗಡ್ಡಿಯನ್ನು ನೋಡುತ್ತ ಬೆವರಿದ. ನಾನು ವಕೀಲರಿಗೂ ಕೇಳುವ ಹಾಗೆ, "ನೀವೂ ಸ್ವಲ್ಪ ಕೂಡ್ರಿ, ಗಾಡಿ ತಣ್ಣಗಾದ ಮ್ಯಾಲ ನೋಡೂಣು" ಎಂದೆ.

ತಣ್ಣಗಾದ ಗಾಡಿಗೆ ನಿನ್ನ ಅಳಿಯ ಹ್ಯಾಂಡಲು ಹಾಕಿ ತಿರುವಿದರು, ತಿರುವಿದರು. ಅದು ಕೆಮ್ಮಿತು, ಮತ್ತೆ ಸುಮ್ಮನಾಯಿತು. ಅಂಗಿ ತೊಯ್ದು ಬೆನ್ನಿಗೆ ಅಂಟಿದ ಮೇಲೆ ಹೊತ್ತಿಕೊಂಡಿತು. ಅವರು ನನ್ನ ಕಿವಿಯಲ್ಲಿ, ಇದು ಸಣ್ಣ ರೋಗ, ನಾನೇ ರಿಪೇರಿ ಮಾಡುತ್ತೇನೆ ಎಂದರು. ಸಣ್ಣದು ಎಂದು ಮ್ಯಾನೇಜರನಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ. ನೀನು ಹೇಳುತ್ತಿದ್ದೆಯೇನು? ಕಾಕಾ, ನಾನು, ಅಂಗಡಿಯ ಹಮಾಲ, ಎರಡು ಚೀಲ ಉಸುಕು, ಎಲ್ಲ ಹೇರಿಕೊಂಡು ಗೋಕಾಕ ಫಾಲ್ಸಿನ ರಸ್ತೆಯ ಏರು ಹತ್ತಿಸಿದೆವು. ಗಾಡಿ ಉಬ್ಬಸಪಟ್ಟರೂ ನಿಲ್ಲದೆ ಹತ್ತಿತು. ನನ್ನ ಜೀವ ಕುಣಿಯಿತು ಅಪ್ಪಾ. ಮುಖವನ್ನು ಮಾತ್ರ ಬೇವಿನ ಎಲೆ ತಿಂದವರ ಹಾಗೆ ಮಾಡಿಕೊಂಡು ಇಳಿದೆ.

ಮ್ಯಾನೇಜರ ಬೆಲೆ ಇಳಿಸಿದ. ನಾನು ಪಕ್ಕದ ಕಪ್ಪು ಗಾಡಿಯ ಬಾಗಿಲು ಸವರಿದೆ. ಇನ್ನಷ್ಟು ಇಳಿಸಿದ. ಹೆಚ್ಚಿನದೊಂದು ಗಾಲಿ, ಹೊಸ ಟಾಯರುಗಳು, ಮಳೆಗೆ ಮೇಲೆ ಹೊದಿಸುವ ಟಪ್ಪು, ಇವನ್ನೆಲ್ಲ ಅದೇ ಬೆಲೆಯಲ್ಲಿ ಕೊಡಿ ಎಂದೆ. "ಅವು ಬ್ಯಾರೆರೀ ಅಕ್ಕಾರ" ಎಂದ. ಗಂಟು ಕಂಕುಳಿಗೆ ಸೇರಿಸಿ ಎದ್ದುಬಿಟ್ಟೆ. ಬಾಗಿಲು ದಾಟಿದೆ, ಮೆಟ್ಟಿಲು ಇಳಿದೆ, ಬೀದಿಗೆ ಬಂದೆ. ಯಾರೂ ಕರೆಯಲಿಲ್ಲ. ನಿನ್ನ ಅಳಿಯ ಪಿಸುಗುಟ್ಟಿದರು, "ಒಳ್ಳೆ ಗಾಡಿ ಐತಿ, ಕೈ ಬಿಟ್ಟೀತು." ಹಿಂತಿರುಗಿ ನೋಡಬೇಕೆಂದು ಕುತ್ತಿಗೆ ನೋಯುತ್ತಿತ್ತು. ನೋಡಲಿಲ್ಲ. ಬೀದಿಯ ತಿರುವಿನ ತನಕ ಹೋದ ಮೇಲೆ ಬೆನ್ನ ಹಿಂದೆ ಬೂಟಿನ ಸಪ್ಪಳ ಕೇಳಿತು, ಮ್ಯಾನೇಜರನೇ ಓಡಿ ಬಂದು, ಕೇಳಿದ್ದನ್ನೆಲ್ಲ ಅದೇ ಬೆಲೆಗೆ ಕೊಡಲು ಒಪ್ಪಿದ. ಪಾಟ್ಲಿಯ ರೊಕ್ಕದಲ್ಲಿ ಪೆಟ್ರೋಲಿಗೂ ಉಳಿಯಿತು.

ಕಾಗದ ಮಾಡುವಾಗ ಮಾಲಕರ ಹೆಸರು ಏನೆಂದು ಕೇಳಿದರು. ನಿನ್ನ ಅಳಿಯ ನನ್ನ ಹೆಸರು ಬರೆಸಿದರು. ಬೇಡವೆಂದೆ, ಕೇಳಲಿಲ್ಲ. ಅಷ್ಟು ಹಟ ಆ ಮನುಷ್ಯನಲ್ಲಿ ನಾನೂ ಅಲ್ಲಿಯ ತನಕ ಕಂಡಿರಲಿಲ್ಲ.

ಈಗ ನೀನು ಕೇಳಿರದ ಸುದ್ದಿ. ಮೊನ್ನೆ ಸಾವಕಾರ ನಡೆದುಕೊಂಡೇ ನಮ್ಮ ಮನೆಗೆ ಬಂದ. ಅವನ ಮೋಟಾರು ಊರ ಹೊರಗೆ ಕೆಟ್ಟು ನಿಂತಿತ್ತು. ಕಟ್ಟೆಯ ಮೇಲೆ ಕೂತು, ನಿನ್ನ ಅಳಿಯನ ಮುಖ ನೋಡದೆ, "ಎಷ್ಟಕ್ಕ ಕೊಟ್ಟೀಯೋ ಆ ಗಾಡಿ? ನೀವು ಕೊಟ್ಟಿದ್ದಕ್ಕ ಮ್ಯಾಲ ಹಾಕಿ ಕೊಡ್ತೀನಿ. ನೀನೂ ಬಾ, ಪಗಾರ ಹೆಚ್ಚು ಮಾಡ್ತೀನಿ" ಎಂದ. ಇವರು ಗಾಡಿ ಒರೆಸುತ್ತಿದ್ದರು. ಅರಿವೆ ಹಿಂಡಿ ಒಣಗಲು ಹಾಕಿ ಹೇಳಿದರು: "ಮಾಲಕರು ಒಳಗ ರೊಟ್ಟಿ ಬಡ್ಯಾಕತ್ತಾರ್ರಿ. ಅವರನ್ನ ಕೇಳ್ರಿ."

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. "ಗಾಡಿ ಮಾರಾಕಿಲ್ಲರಿ. ನಿಮಗ ಎಲ್ಲಿಗಿ ಹೋಗೂದೈತಿ?"

ಹತ್ತರಗಿಗೆ, ಅರ್ಜಂಟ್ ಎಂದ. ಬಾಡಿಗೆ ಹೇಳಿದೆ. ಓಣಿಯ ತುದಿಯವರಿಗೂ ಕೇಳುವ ಹಾಗೆ ಹೇಳಿದೆ. ಸ್ವಲ್ಪ ಬಿಡು ತಂಗಿ ಎಂದ, ಮೊದಲ ಸಲ ತಂಗಿ ಎಂದ. ಒಂದಾಣೆಯನ್ನೂ ಬಿಡಲಿಲ್ಲ ಅಪ್ಪಾ. ಹಣ ಎಣಿಸಿ ನನ್ನ ಕೈಗೆ ಕೊಟ್ಟ ಮೇಲೆಯೇ ನಿನ್ನ ಅಳಿಯ ಹಿಂದಿನ ಬಾಗಿಲು ತೆರೆದರು, ಅವನು ತಲೆ ಬಗ್ಗಿಸಿ ಹತ್ತಿ ಕೂತ.

ನಿನ್ನ ಮಗಳು,
ನೀಲವ್ವ