ಬಿಳಿ ಮೇಣದ ತೋಟೆ

ಹಮ್ದಾನ್ ಸ್ಟ್ರೀಟ್, ಅಬುಧಾಬಿ
12 ನವೆಂಬರ್ 1998, ಗುರುವಾರ

ಪ್ರೀತಿಯ ಪಪ್ಪಾ,

ನಿಮ್ಮ ಆಶೀರ್ವಾದ ಬೇಡಿಕೊಂಡು ಬರೆಯುತ್ತಿದ್ದೇನೆ. ಮಂಡಿನೋವು ಹೇಗಿದೆ? ಹೊಸ ಕನ್ನಡಕ ಕೈಗೆ ಬಂತೇ, ಇಲ್ಲ ಇನ್ನೂ ತಂಗಿ ರೀಮಾಳ ಕನ್ನಡಕ ಕದ್ದೇ ಪೇಪರ್ ಓದುತ್ತಿದ್ದೀರಾ? ನಾನು ಆರಾಮವಾಗಿದ್ದೇನೆ. ಇಲ್ಲಿಯ ಬಿಸಿಲು ಈಗಷ್ಟೇ ಮನುಷ್ಯರು ತಡೆಯುವ ಹಾಗಾಗಿದೆ. ನೀವು ಈಗಲೂ ಪ್ರತಿ ಶನಿವಾರ ಪಾದ್ರಿಗಳ ಬಳಿ ಅದೇ ಒಂದು ಪಾಪವನ್ನು ಒಪ್ಪಿಸಿಕೊಳ್ಳುತ್ತೀರೆಂದು ರೀಮಾ ಬರೆದಿದ್ದಾಳೆ. ಅಲೆಕ್ಸಾಂಡರ್ ಅಣ್ಣ ಹೋಗಿ ಹನ್ನೊಂದು ವರ್ಷವಾಯಿತು. ಆ ಸಂಜೆ ಮಬ್ಬಿನಲ್ಲಿ ನಿಮ್ಮ ಕೈ ಕೋವಿಗೆ ಹಕ್ಕಿ ಹೊಡೆಯುವ ತೋಟೆಯ ಬದಲು ಜಿಂಕೆ ಹೊಡೆಯುವ ತೋಟೆ ಹೆಕ್ಕಿತು, ಪೊದೆಯಾಚೆ ಇದ್ದ ಅಣ್ಣ ಅದರಿಂದಲೇ ಸತ್ತ ಎಂದು ನೀವು ನಂಬಿದ್ದೀರಿ. ನೀವು ಹೀಗೆ ಸವೆಯುವುದನ್ನು ನನ್ನಿಂದ ಇನ್ನು ತಡೆಯಲಾಗುವುದಿಲ್ಲ.

ಮೊದಲು ಅಂಗಡಿಯ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಬೇಟೆ ಸಾಮಾನಿನ ಅಂಗಡಿಗೆ ಮೂರು ಗುರುವಾರಗಳಿಂದ ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ ಮುದುಕರೊಬ್ಬರು ಬರುತ್ತಿದ್ದಾರೆ. ಮಧ್ಯಾಹ್ನದ ಬಿಡುವು ಮುಗಿಸಿ ನಾಲ್ಕಕ್ಕೆ ಶಟರ್ ಎತ್ತುವಾಗ ಹೊರಗೆ ನಿಂತೇ ಇರುತ್ತಾರೆ. ಲೈಸೆನ್ಸ್ ಸರಿಯಿದೆ. ಅವರ ಬಳಿ ಒಂಟಿ ನಳಿಗೆಯ ಕೋವಿ ಇದೆಯಂತೆ, ಹೊರದೇಶದಲ್ಲಿ ಜಿಂಕೆ ಬೇಟೆಗಂತೆ. ಡಬ್ಬ ಬೇಡವಂತೆ, ಒಂದೇ ಒಂದು ತೋಟೆ ಆರಿಸಿ ಕೊಡಬೇಕಂತೆ. ನಾನು ನೀವು ಕಲಿಸಿದ್ದನ್ನೇ ಹೇಳಿದೆ. ಸಣ್ಣ ಸೀಸದ ಚರೆ ತುಂಬಿದ್ದು ಬೇಡ, ಜಿಂಕೆ ಗಾಯದಲ್ಲೇ ಓಡಿ ಎಲ್ಲೋ ನರಳಿ ಸಾಯುತ್ತದೆ. ಐವತ್ತು ಹೆಜ್ಜೆಯೊಳಗಾದರೆ ಒಂಬತ್ತು ದಪ್ಪ ಗುಂಡಿನದು, ಅದಕ್ಕೂ ದೂರವಾದರೆ ಒಂಟಿ ಗುಂಡಿನದು. "ಒಂದೇ ಈಡು ಇರುದು ಅಂತ ಗ್ರೇಶಿ ಹೆಕ್ಕು" ಎನ್ನುತ್ತಿದ್ದಿರಲ್ಲ, ಒಂದೇ ಗುಂಡು ಇರುವುದೆಂದು ತಿಳಿದು ಆರಿಸು ಎಂದು, ಅದನ್ನೂ ನನ್ನ ಮುರುಕು ಅರಬಿಯಲ್ಲಿ ಹೇಳಿದೆ. ಎಷ್ಟು ಹೆಜ್ಜೆ ದೂರದಿಂದ ಹೊಡೆಯುತ್ತೀರಿ ಎಂದು ಕೇಳಿದರೆ, ನಲವತ್ತಮೂರು ಎಂದರು. ಅಂದು ನೀವು ನಿಂತಲ್ಲಿಂದ ಅಣ್ಣ ಬಿದ್ದಲ್ಲಿಗೆ ಪೊಲೀಸರು ಅಳೆದದ್ದೂ ಅಷ್ಟೇ ಅಲ್ಲವೇ ಪಪ್ಪಾ?

ಪ್ರತಿ ಸಲವೂ ಅವರು ಒಂಬತ್ತು ಗುಂಡಿನ ತೋಟೆಯೊಂದನ್ನು ಅಂಗೈಯಲ್ಲಿಟ್ಟು ತೂಗಿ, ಮೂಗಿಗೆ ಹಿಡಿದು, ಹೊರಗೆ ಕಾಣುವುದು ಒಳಗಿಲ್ಲ ಎಂದು ಹಿಂದಿಯಲ್ಲಿ ಹೇಳಿ ವಾಪಸ್ಸಿಡುತ್ತಾರೆ. ಇವತ್ತು ಬಾಗಿಲವರೆಗೆ ಹೋದವರು ತಿರುಗಿ ನನ್ನನ್ನೇ ನೋಡಿ, "ತುಂಬಿಸಿದವನಿಗೆ ಗೊತ್ತು" ಎಂದು ಹೊರಟುಹೋದರು. ಕ್ಯಾಶಿನಲ್ಲಿ ಕೂರುವ ಉಳ್ಳಾಲದ ಉಮ್ಮರಬ್ಬನಿಗೆ ತಡೆಯಲಾಗಲಿಲ್ಲ. "ಎಂತದು ಮಾರಾಯ ಅದು, ಒಮ್ಮೆ ಕೊಯ್ದು ನೋಡುವ" ಎಂದು ಚಾಕು ಹಾಕಿಯೇಬಿಟ್ಟ. ಕಂಪನಿಯ ಸೀಲಿನ ತೋಟೆ, ಬಾಯಿಯ ಪ್ಲಾಸ್ಟಿಕ್ ಒಂದಿಷ್ಟೂ ಅಲುಗಿರಲಿಲ್ಲ. ಅದರ ಕೆಳಗೆ ನಾಣ್ಯದಷ್ಟು ದಪ್ಪಕ್ಕೆ ಬಿಳಿ ಮೇಣ! ನಮ್ಮ ಇಗರ್ಜಿಯಲ್ಲಿ ಉರಿಸುವ ಮೊಂಬತ್ತಿಯ ವಾಸನೆಯೇ. "ಬಿಸಾಡು ಅದನ್ನು, ಖಲಾಸ್" ಎಂದ ಉಮ್ಮರಬ್ಬ, ಕೈಯೊರೆಸಿಕೊಂಡು ಹೊರಗೆ ಹೋದವನು ಇನ್ನೂ ಒಳಗೆ ಬಂದಿಲ್ಲ. ಮೇಣ ನನ್ನ ಮುಂದೆಯೇ ಇದೆ. ಏಸಿ ಜೋರಾಗಿ ಓಡುತ್ತಿದ್ದರೂ ಅದು ಗಟ್ಟಿಯಾಗುತ್ತಿಲ್ಲ, ಈಗಷ್ಟೇ ಹೊಯ್ದ ಹಾಗೆ ಬೆಚ್ಚಗಿದೆ. ನನಗೆ ಹೆದರಿಕೆಯಾಗುತ್ತಿದೆ ಪಪ್ಪಾ.

ರೀಮಾಳಿಗೆ ನನ್ನ ನೆನಪು ಹೇಳಿ. ಕ್ರಿಸ್ಮಸ್‌ಗೆ ರಜೆ ಸಿಕ್ಕಿದೆ. ದೇವರು ನಿಮ್ಮನ್ನು ಕಾಯಲಿ.

ನಿಮ್ಮ ಮಗ,
ಫ್ಲಾಯ್ಡ್

ತಾ.ಕ.: ಇದನ್ನು ಗಟ್ಟಿಯಾಗಿ ಓದಬೇಡಿ. ಆಗ ಮನೆಯಲ್ಲಿ ನಿಮ್ಮ ಖಾಲಿ ತೋಟೆಗಳಿಗೆ ಮದ್ದುಗುಂಡು ತುಂಬಿಸಿ ಬಾಯಿಗೆ ಮೇಣ ಹೊಯ್ಯುವುದು ನನ್ನ ಕೆಲಸವಾಗಿತ್ತು: ಜಿಂಕೆಯದಕ್ಕೆ ಕೆಂಪು, ಹಕ್ಕಿಯದಕ್ಕೆ ಬಿಳಿ. ಆ ದಿನ ಕೆಂಪು ಮೊಂಬತ್ತಿ ಮುಗಿದಿತ್ತು. ಕೊನೆಯ ಜಿಂಕೆ ತೋಟೆಗೂ ಬಿಳಿಯನ್ನೇ ಹೊಯ್ದೆ. ನಿಮಗೆ ಆಮೇಲೆ ಹೇಳಿದರಾಯಿತು ಎಂದು ನೆರೆಮನೆಯ ವ್ಯಾಲೆಂಟೈನನ ಮದುವೆಯ ಊಟಕ್ಕೆ ಓಡಿದೆ. ಅಣ್ಣನನ್ನು ಮನೆಗೆ ತಂದಾಗ, ಯಾರೂ ಕೆಂಪು ಬಿಳಿ ಎಣಿಸಿ ನನ್ನ ತಪ್ಪು ಹಿಡಿಯಬಾರದೆಂದು ಉಳಿದ ತೋಟೆಗಳನ್ನೆಲ್ಲ ಚೀಲದ ಸಮೇತ ಬಾವಿಗೆ ಎಸೆದವನೂ ನಾನೇ. ನೀವು ಕಾಡುಕೋಳಿಗೆಂದು ಬಿಳಿಯದನ್ನೇ ಹೆಕ್ಕಿದ್ದಿರಿ ಪಪ್ಪಾ. ನಿಮ್ಮ ಕೈ ತಪ್ಪಿರಲಿಲ್ಲ.