ಕಾಕಂಬಿ ಬಳಿದ ಜೀಬ್ರಾ

ಹಿರೋಳ್ಳಿ, ತಾ. ಆಳಂದ
ಮಂಗಳವಾರ, 11-2-2025

ನನ್ನ ತಾಯಿ ಭಾಗ್ಯಜ್ಯೋತಿಗೆ,

ನಿನ್ನ ಅಪ್ಪನ ತುಂಬು ಹೃದಯದ ಆಶೀರ್ವಾದ. ಹೇಗಿದ್ದೀಯವ್ವಾ? ಕೆಮ್ಮು ಹೋಯಿತೇ? ಮೈಸೂರಿನ ಮುಂಜಾವಿನ ಚಳಿಯಲ್ಲಿ ಮೃಗಾಲಯದ ಪ್ರಾಣಿಗಳ ಮನೆ ಸುತ್ತುವಾಗ ಕಿವಿಗೆ ಬಟ್ಟೆ ಕಟ್ಟಿಕೋ ಎಂದು ನಿನ್ನವ್ವ ಅಡುಗೆಮನೆಯಿಂದಲೇ ಅಪ್ಪಣೆ ಹೊರಡಿಸುತ್ತಿದ್ದಾಳೆ. ರೊಟ್ಟಿಗೆ ಹಚ್ಚಿಕೊಳ್ಳಲು ಕಳಿಸಿದ ಶೇಂಗಾ ಹಿಂಡಿ ಮುಟ್ಟಿತೇ? ನಾವಿಬ್ಬರೂ ಆರಾಮ. ನನ್ನ ಮಂಡಿ ನೋವು ಇದ್ದಲ್ಲೇ ಇದೆ, ದನಿಯೂ ಇದ್ದಲ್ಲೇ ಇದೆ. ಫೋನು ಮಾಡಿದರೆ ನೀನು, "ಅಪ್ಪಾ, ಸಾವಕಾಶ ಮಾತಾಡೋ, ಇಲ್ಲಿ ಜಿಂಕಿ ಬೆದರ್ತಾವ" ಅನ್ನುತ್ತೀ. ಮೈಕಿಲ್ಲದ ಕಾಲದ ನಾಟಕಗಳಲ್ಲಿ ಕಟ್ಟಕಡೆಯ ಸಾಲಿನಲ್ಲಿ ಬೀಡಿ ಸೇದುತ್ತ ಕೂತವನಿಗೂ ಕೇಳಿಸಬೇಕೆಂದು ಬೆಳೆಸಿದ ಗಂಟಲು ಇದು, ಮಗಳೇ. ಇದಕ್ಕೆ ಸಾವಕಾಶ ಗೊತ್ತಿಲ್ಲ. ಅದಕ್ಕೇ ಈ ಕಾಗದ.

ಬರುವ ಸೋಮವಾರ ನಿನ್ನ ಲಗ್ನಪತ್ರಿಕೆ ಅಚ್ಚಿಗೆ ಹೋಗುತ್ತದೆ. ಅದಕ್ಕೂ ಮೊದಲು ನೀನು ಇದನ್ನು ಓದಲೇಬೇಕು. ಇಷ್ಟರಲ್ಲಿ ನೆಲೋಗಿಯ ಬೀಗರು ಕಳಿಸಿದ ವಿಡಿಯೋ ನಿನ್ನ ಮೊಬೈಲಿಗೆ ಬಂದಿರುತ್ತದೆ. ನಮ್ಮ ಓಣಿ, ಹೂಮಳೆ, ಹಿಂದಿ ಹಾಡು, ಜೀಬ್ರಾದ ಮೇಲೆ ನಿನ್ನ ಮದುಮಗ ಸಂತೋಷಕುಮಾರ! ನೋಡಿ ನಕ್ಕಿರುತ್ತೀ. ನಗು, ತಪ್ಪಿಲ್ಲ. ಆದರೆ ಅದು ಪರದೆಯ ಮುಂದಿನ ಆಟ. ಪರದೆಯ ಹಿಂದೆ ನಡೆದದ್ದನ್ನು ನಾನು ಹೇಳುತ್ತೇನೆ, ಮೂಗು ಮುಚ್ಚಿಕೊಂಡು ಕೇಳು.

ಭಾನುವಾರ ಪತ್ರಿಕೆಯ ಮಜಕೂರು ಒಪ್ಪಿಸಿಕೊಳ್ಳಲು ಅವರು ಬರುವವರಿದ್ದರು. ನಿನ್ನವ್ವ ನಸುಕಿನಲ್ಲೆದ್ದು ಹೋಳಿಗೆಗೆ ಹೂರಣ ರುಬ್ಬಿದ್ದಳು. ಕಟ್ಟೆಯ ಮೇಲೆ ಹೊಸ ಪಟಗ ಸುತ್ತಿಕೊಂಡು ನಾನು ಕೂತಿದ್ದೆ. ಓಣಿಯ ತಿರುವಿನಲ್ಲಿ ಹಲಗೆಯ ಸದ್ದು ಕೇಳಿಸಿತು. ಆಮೇಲೆ ಬಂತು ನೋಡು ಆ ಮಹಾಪ್ರಾಣಿ! ಅಫಜಲಪುರದ ಅರ್ಬಾಜ ಮದುವೆ ಮೆರವಣಿಗೆಗೆ ಬಾಡಿಗೆ ಕೊಡುತ್ತಾನಲ್ಲ, ಹಾಲಿನಂಥ ಬಿಳಿ ಕುದುರೆ ನೂರಿ, ಅದರ ಮೈತುಂಬ ಕರಿ ಪಟ್ಟೆ! ಹುಡುಗಿ ಜೀಬ್ರಾಗಳ ಡಾಕ್ಟರು, ಅವಳಿಗೆ ಖುಷಿಯಾಗಲಿ ಎಂದು ಇದೆಲ್ಲ ಸಂತೋಷಕುಮಾರನ ಸೋದರಮಾವ ಕಲ್ಯಾಣಕುಮಾರನ ತಲೆಯಿಂದ ಹೊರಟದ್ದಂತೆ. "ಬೀಗರ, ಆಫ್ರಿಕಾನ ನಿಮ್ಮ ಬಾಗಲಿಗೆ ತಂದೇವ್ರಿ!" ಎಂದು ಎದೆ ತಟ್ಟಿಕೊಂಡ.

ದೀಪಾವಳಿಗೆ ಬಂದಾಗ ಇದೇ ಕಟ್ಟೆಯ ಮೇಲೆ ನೀನು ನನಗೆ ಪಾಠ ಹೇಳಿರಲಿಲ್ಲವೇ? ಜೀಬ್ರಾಗಳಲ್ಲಿ ಮೂರು ಜಾತಿ. ಬಯಲಿನದಕ್ಕೆ ಅಗಲ ಪಟ್ಟೆ, ಹೊಟ್ಟೆಯ ಅಡಿಯವರೆಗೂ ಇಳಿದಿರುತ್ತದೆ. ಗುಡ್ಡದ್ದಕ್ಕೆ ಗಂಟಲ ಕೆಳಗೆ ಜೋಲುವ ಚರ್ಮ, ಬೆನ್ನ ಹಿಂದೆ ಜಾಳಿಗೆಯಂಥ ಗೀರು. ಗ್ರೇವಿ ಅನ್ನುವುದು ಎಲ್ಲಕ್ಕಿಂತ ದೊಡ್ಡದು, ದುಂಡು ಕಿವಿ, ನವುರಾದ ಪಟ್ಟೆ, ಬಿಳಿ ಹೊಟ್ಟೆ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ನಾನು ಕನ್ನಡಕ ಏರಿಸಿ ನೋಡಿದೆ. ಇದು ಯಾವ ಜಾತಿಗೂ ಸೇರದ ನಾಲ್ಕನೆಯ ಅವತಾರ! ಹೆಗಲ ಮೇಲೆ ಇಳಕಲ್ಲ ಸೀರೆಯ ಅಂಚು, ಕಾಲಿಗೆ ಪಾಯಿಜಾಮದ ಗೀಟು, ಮುಖಕ್ಕೆ ಮಾತ್ರ ವಿಭೂತಿಯ ಹಾಗೆ ಅಡ್ಡಗೆರೆ, ಅದೂ ಕರಿಬಣ್ಣದಲ್ಲಿ. ಇಷ್ಟೇ ಆಗಿದ್ದರೆ ನಕ್ಕು ಹೋಳಿಗೆ ಬಡಿಸುತ್ತಿದ್ದೆವು.

ಆದರೆ ವಾಸನೆ ಬಂತು, ಮಗಳೇ. ಹುಳಿತ ಸಿಹಿ, ಸುಟ್ಟ ಮಸಿ, ಬೆವರು, ಎಲ್ಲ ಕಲೆಸಿದ ಗಬ್ಬು. ಅದರ ಬೆನ್ನಿಗೇ ಒಂದು ಗುಂಯ್ ಎಂಬ ಸದ್ದು. ನೊಣ! ನೂರಿಯ ಮೈಮೇಲೆ ಪಟ್ಟೆ ಇದ್ದಲ್ಲೆಲ್ಲ ನೊಣ ಕೂತು ಪಟ್ಟೆಯೇ ಹರಿದಾಡುತ್ತಿತ್ತು. ಕಣ್ಣಿನ ಮೂಲೆಯಲ್ಲಿ ನೊಣ, ಮೂಗಿನ ಹೊಳ್ಳೆಯಲ್ಲಿ ನೊಣ, ಬಾಲದ ಬುಡದಲ್ಲಿ ರಕ್ತ ಹೀರುವ ತೊಣಚಿ. ಯಾವ ಬಣ್ಣ ಇದು ಎಂದು ಕೇಳಿದೆ. ಕಲ್ಯಾಣಕುಮಾರ ಕಬ್ಬಿನ ಸೀಮೆಯ ಮನುಷ್ಯ, ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕರಿ ಅಂಟು ಪಾಕ, ಕಾಕಂಬಿ, ಅವನ ಮನೆಯಲ್ಲಿ ದನದ ಮೇವಿಗೆ ಕಲೆಸಲು ಡಬ್ಬಿಗಟ್ಟಲೆ ಇರುತ್ತದೆ. ಅದರಲ್ಲಿ ಹಂಚಿನ ಮಸಿ ಕದಡಿ ಬಳಿದಿದ್ದಾನೆ! "ಎಣ್ಣಿ ಬಣ್ಣ ಆದ್ರ ಜಾರ್ತದ್ರಿ. ಕಾಕಂಬಿ ಜಪ್ಪಯ್ಯ ಅಂದ್ರೂ ಬಿಡಾಂಗಿಲ್ಲ. ಎಲ್ಲಾ ನ್ಯಾಚುರಲ್!" ಥೂ! ನೀನು ಹೇಳಿದ್ದೇನು? ಪಟ್ಟೆ ಕಂಡರೆ ತೊಣಚಿಗೆ ಕಣ್ಣು ಕಟ್ಟುತ್ತದೆ, ಹಾರಿ ಬಂದರೂ ಇಳಿಯುವ ಜಾಗ ತಿಳಿಯದೆ ಢಿಕ್ಕಿ ಹೊಡೆದು ಹೋಗುತ್ತದೆ, ಅದಕ್ಕೇ ಆ ಪ್ರಾಣಿಗೆ ಪಟ್ಟೆ ಬಂದಿರಬೇಕು ಎಂದು ಬಹಳ ಪಂಡಿತರ ಅಭಿಪ್ರಾಯ ಎಂದಲ್ಲವೇ? ನೊಣವನ್ನು ದೂರವಿಡಲೆಂದು ಬಂದ ಪಟ್ಟೆಯನ್ನು ಇವರು ನೊಣಗಳಿಗೆ ಹಾಸಿದ ಪಂಕ್ತಿಯೂಟ ಮಾಡಿದರು.

ಬಿಸಿಲಿಗೆ ಕಾಕಂಬಿ ಒಣಗಿ ಚರ್ಮ ಎಳೆಯತೊಡಗಿತು. ನೂರಿ ಗೋಡೆಗೆ ಹೆಗಲು ತಿಕ್ಕಿತು, ತಿಕ್ಕಿ ತಿಕ್ಕಿ ಕೂದಲು ಕಿತ್ತು ಕೆಂಪು ಮಾಂಸ ಕಂಡಿತು. ಅಲ್ಲಿಯೂ ನೊಣ. ವಿಡಿಯೋದವನಿಗೆ ಅದು ಅಲುಗಾಡಬಾರದು. ಕಲ್ಯಾಣಕುಮಾರ ಅದರ ಮೇಲ್ದುಟಿಗೆ ಹಗ್ಗ ಸುತ್ತಿ ತಿರುವಿ ಹಿಡಿದ. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ನಗುತ್ತಿದ್ದರು. "ಜೀಬ್ರಾ ಭಾಳ ನಾಚ್ಕೊಳ್ಳಾಕತ್ತದ ಬೇ!" ಎಂದು ಒಬ್ಬಳು. ಅರ್ಬಾಜ ಮಾತ್ರ ನನ್ನ ಹತ್ತಿರ ಬಂದು, "ಕಾಕಾ, ತೊಳದ್ರ ಹೋಗೂ ಬಣ್ಣ ಅಂದಿದ್ರರೀ. ನಾ ಬರೂದ್ರಾಗ ಬಳದಬಿಟ್ಟಿದ್ರು" ಎಂದು ಕಣ್ಣೊರೆಸಿಕೊಂಡ.

ಆಗ ಹೊರಟಿತು ನೋಡು ನಿನ್ನಪ್ಪನ ದನಿ. "ನಿಲ್ಲಸ್ರಿ!" ಹಲಗೆ ನಿಂತಿತು. ಹನುಮಪ್ಪನ ಗುಡಿಯ ಪಾರಿವಾಳ ಎದ್ದವು. ನಾನು ಮೆಟ್ಟಿಲಿಳಿದು ಹೋಗಿ ಲಗಾಮು ಹಿಡಿದೆ. ಅದೇ ಹೊತ್ತಿಗೆ ಬೀಗತಿ ಅಂದ ಮಾತು ಇನ್ನೂ ಕಿವಿಯಲ್ಲಿ ಕುಟುಕುತ್ತಿದೆ: "ಒಂದ ಕುದರಿಗೆ ಇಷ್ಟ್ಯಾಕ ಒದರ್ತೀರಿ ಬೀಗರ? ನೀವೂ ಜಿಂದಗಿ ತುಂಬಾ ಬಣ್ಣಾ ಬಳಕೊಂಡ ಕುಣದವರ ಅಲ್ಲೇನ್ರಿ?" ಬಳಿದುಕೊಂಡೆ ತಾಯಿ, ನನ್ನ ಮುಖಕ್ಕೆ, ನನ್ನ ಕೈಯಿಂದ. ರಾಕ್ಷಸನ ಪಾತ್ರಕ್ಕೆ ಹಚ್ಚಿದ ಕೆಂಪು ಉರಿದರೂ ಅದು ನಾನು ಒಪ್ಪಿದ ಉರಿ. ಆಟ ಮುಗಿದರೆ ಕೊಬ್ಬರಿ ಎಣ್ಣೆ ಸವರಿ ಒರೆಸಿ ಮನೆಗೆ ಬಂದು ನಿನ್ನನ್ನು ಎತ್ತಿಕೊಳ್ಳುತ್ತಿದ್ದೆ. ನೂರಿಗೆ ಯಾರು ಪಾತ್ರ ಕೇಳಿದರು? ಇಷ್ಟನ್ನೂ ಅಲ್ಲೇ ಹೇಳಿದೆ. ಓಣಿಗೆ ಓಣಿಯೇ ಕೇಳಿಸಿಕೊಂಡಿತು. ಅವರು ಹೋಳಿಗೆ ಮುಟ್ಟದೆ ಗಾಡಿ ಹತ್ತಿದರು.

ನಿನ್ನವ್ವ ಹಂಡೆಯ ಬಿಸಿನೀರೆಲ್ಲ ಸುರಿದಳು. ಕಾಕಂಬಿ ಕರಗಿ ಬಚ್ಚಲಿಗೆ ಹರಿಯಿತು, ಆ ವಾಸನೆಗೆ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಮಸಿ ಇನ್ನೂ ಹೋಗಿಲ್ಲ, ನೂರಿ ಈಗ ಬೂದಿ ಬಣ್ಣದ್ದಾಗಿ ನಮ್ಮ ಹಿತ್ತಲಲ್ಲಿ ನಿಂತಿದೆ. ಗಾಯ ಮಾಯುವವರೆಗೆ ಇಲ್ಲೇ ಇರಲಿ ಎಂದು ಅರ್ಬಾಜನಿಗೆ ಹೇಳಿದ್ದೇನೆ. ಹೆಗಲಿಗೆ ಬೇವಿನೆಣ್ಣೆ ಹಚ್ಚುತ್ತಿದ್ದೇನೆ, ಸರಿಯೋ ತಪ್ಪೋ, ಡಾಕ್ಟರಾಗಿ ತಿಳಿಸು. ನಿನ್ನ ಪಟ್ಟೆಯ ಮಕ್ಕಳನ್ನೆಲ್ಲ ಕೇಳಿದೆ ಎಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನವ್ವನೂ ನಿನ್ನ ತಲೆ ಸವರಿದ್ದಾಳೆಂದು ತಿಳಿ. ಗುರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನನ್ನು ನೆನೆಯುವ ಅಪ್ಪ,
ಶಿವರಾಯ

ತಾ.ಕ.: ಅಂಚೆಗೆ ಹೊತ್ತಾಯಿತು, ಅರ್ಬಾಜ ಗಾಡಿ ಹಚ್ಚಿಕೊಂಡು ನಿಂತಿದ್ದಾನೆ. ಮೇಲೆ ಹುಡುಗನ ನಡತೆಯ ಬಗ್ಗೆ ಒಂದು ಮಾತೂ ಬರೆಯಲಿಲ್ಲ, ಕೈ ಬರಲಿಲ್ಲ. ಕುದುರೆಯನ್ನು ಇವರು ಒಂದು ಮಾತು ಕೇಳಲಿಲ್ಲ. ನಿನ್ನನ್ನು ಕೇಳದೆ ಲಗ್ನ ಮುರಿದರೆ ನಾನೂ ಅವರ ಸಾಲಿಗೇ ಸೇರುತ್ತೇನೆ, ಅದಕ್ಕೆ ಬೀಗರಿಗೆ ಏನೂ ಹೇಳಿಲ್ಲ. ಹೌದೋ ಅಲ್ಲವೋ, ಸೋಮವಾರದೊಳಗೆ ನೀನೇ ಹೇಳು, ಯಾವುದಾದರೂ ನನಗೆ ಒಪ್ಪಿಗೆ. ಆದರೆ ವಿಡಿಯೋದಲ್ಲಿ ಇಲ್ಲದ್ದು ನಿನಗೆ ಗೊತ್ತಿರಲಿ. ಅಷ್ಟು ಹೊತ್ತೂ ಸಂತೋಷಕುಮಾರ ಅದರ ಮೇಲೆ ಕೂತೇ ಇದ್ದ. ನೂರಿಯ ಹೆಗಲಿನ ರಕ್ತ ಅವನ ಬಿಳಿ ಪಾಯಿಜಾಮಕ್ಕೆ ಹತ್ತಿತ್ತು, ಬಗ್ಗಿ ನೋಡಿ ಕರ್ಚೀಫಿನಿಂದ ಪಾಯಿಜಾಮ ಒರೆಸಿಕೊಂಡ. ನಾನು ಲಗಾಮು ಹಿಡಿದಾಗಲೂ ಇಳಿಯಲಿಲ್ಲ. "ಮಾವಾರ, ಸ್ವಲ್ಪ ಸರೀರಿ, ಇನ್ನೊಂದ ಶಾಟ್ ಐತಿ" ಅಂದ.