ಮೆತ್ತನೆ ಮಣ್ಣಿನ ಮನೆ

ಕೊಳ್ಳೇಗಾಲ
೧೭-೧೦-೧೯೬೬

ಮಡಿಲು ತುಂಬಿಕೊಂಡು ಕೂತಿರುವ ನನ್ನ ಭಾಗ್ಯಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ಕಾಗದ ಹೀಗೇ ಶುರುವಾಗಬೇಕೆಂದು ನಿಮ್ಮಪ್ಪನ ಅಪ್ಪಣೆ. ಮಗ್ಗದಲ್ಲಿ ಕೂತುಕೊಂಡೇ ಒಂದು ಕಣ್ಣು ನನ್ನ ಮೇಲಿಟ್ಟಿದ್ದಾರೆ. ಬರೆದು ಮುಗಿಸಿದ ಮೇಲೆ ತಾವೂ ಒಂದು ಸಲ ಓದಬೇಕಂತೆ. ತಾಯಿ ಮಗಳಿಗೆ ಬರೆಯುವ ಕಾಗದವನ್ನೂ ಸೀರೆಯ ಅಂಚು ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡುವ ಗಂಡಸು ಈ ಊರಿನಲ್ಲಿ ಇವರೊಬ್ಬರೇ ಇರಬೇಕು.

ಹನೂರಿನಿಂದ ನೀನು ಹಾಕಿದ ಕಾಗದ ಸೇರಿತು. ಹುಣಸೆಹಣ್ಣಿನ ಡಬ್ಬವನ್ನು ಅಳಿಯಂದಿರು ನಿನ್ನ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಬಚ್ಚಿಟ್ಟಿದ್ದನ್ನು ಓದಿ ಹೊಟ್ಟೆ ತುಂಬ ನಕ್ಕೆ. ಹೊಸ ಮನೆ ಹೇಗಿದೆ, ಅಪ್ಪ ಕರೆಯಲು ಯಾವಾಗ ಬರುತ್ತಾರೆ ಎಂದು ಕೇಳಿದ್ದೀಯ. ಆಯುಧಪೂಜೆಯ ದಿನ ಮಗ್ಗಕ್ಕೆ ಪೂಜೆ ಮುಗಿಸಿ, ಮಾರನೇ ವಾರವೇ ಬರುತ್ತಾರೆ. ಎಂಟನೇ ತಿಂಗಳು ಬಿದ್ದರೆ ಬಸುರಿಯನ್ನು ಊರು ದಾಟಿಸುವುದಿಲ್ಲವಲ್ಲ, ಏಳು ಮುಗಿಯುವುದರೊಳಗೆ ಕರೆತರಬೇಕೆಂಬ ಅವಸರ ಅವರಿಗೆ.

ಮನೆಯ ಸಂಗತಿ ಹೇಳುತ್ತೇನೆ. ನಮ್ಮ ನೇಕಾರರ ಸಂಘ ಕಟ್ಟಿಸಿದ ಮನೆಗಳಲ್ಲಿ ತಗ್ಗಿನ ಸಾಲಿನ ಕೊನೆಯದು ನಮ್ಮದು. ಅರ್ಧ ಬೆಲೆಯನ್ನು ಸರ್ಕಾರ ರಿಯಾಯಿತಿ ಎಂದು ಬಿಟ್ಟುಕೊಡುತ್ತದೆ. ಆದರೆ ಕೊಳ್ಳುವವನ ಹೆಸರಿನಲ್ಲಿ ಬೇರೆ ಮನೆ ಇರಕೂಡದು. ಅದಕ್ಕೇ ನಿಮ್ಮಪ್ಪ ಹಳೇ ಮನೆಯಲ್ಲಿದ್ದ ತಮ್ಮ ಪಾಲನ್ನು ನಿನ್ನ ಚಿಕ್ಕಪ್ಪ ಗುರುಸ್ವಾಮಿಗೆ ಬರೆದುಕೊಟ್ಟುಬಿಟ್ಟರು. ಅವನು ನಮ್ಮ ಪಡಸಾಲೆಯಲ್ಲಿ ಆಗಲೇ ಇನ್ನೊಂದು ಮಗ್ಗ ಹೂಡಿದ್ದಾನೆ. ಈಗ ಅಲ್ಲಿಗೆ ಹೋದರೆ ನಮಗೆ ಚಾಪೆ ಹಾಸಲೂ ಜಾಗವಿಲ್ಲ.

ಅದೂ ಸಾಲದೆಂದು ಡಿಸೆಂಬರ್ ಕೊನೆಯವರೆಗೆ ನಾವು ಈ ಮನೆಯಲ್ಲೇ ಮಲಗಬೇಕು, ಇಲ್ಲೇ ಒಲೆ ಹೊತ್ತಬೇಕು, ಮಗ್ಗ ಆಡುತ್ತಿರಬೇಕು. ಇನ್ಸ್‌ಪೆಕ್ಟರು ಹೇಳದೆ ಕೇಳದೆ ಬಂದು ನೋಡುತ್ತಾರೆ. ಬಾಗಿಲಿಗೆ ಬೀಗ ಕಂಡರೆ ರಿಯಾಯಿತಿಯೂ ಹೋಯಿತು, ಮನೆಯೂ ಹೋಯಿತು. ಯಳಂದೂರಿನಲ್ಲಿ ನಿನ್ನ ಸೋದರಮಾವನ ಮಗಳ ಮದುವೆಗೆ ನಾನೊಬ್ಬಳೇ ಹೋಗಿ, ಧಾರೆ ಆದ ಕೂಡಲೇ ಬಸ್ಸು ಹತ್ತಿ ಓಡಿಬಂದೆ. ಊಟಕ್ಕೂ ನಿಲ್ಲಲಿಲ್ಲವೆಂದು ಅತ್ತಿಗೆಗೆ ಇನ್ನೂ ಸಿಟ್ಟು.

ಚೀಟಿ ಎತ್ತಿದಾಗ ನಮಗೆ ಬಂದದ್ದು ಮೇಲಿನ ಸಾಲಿನ ಮನೆ. ಅಲ್ಲಿ ನೆಲವೆಲ್ಲ ಬಂಡೆ. ನಮ್ಮದು ಗುಂಡಿ ಮಗ್ಗ. ನೇಯುವವನು ಕಾಲು ಇಳಿಬಿಟ್ಟು ಕೂರಲು ಮನೆಯೊಳಗೆ ನೆಲ ತೋಡಲೇಬೇಕು. ನಿಮ್ಮಪ್ಪ ತಗ್ಗಿನ ಮನೆಯ ಮಣ್ಣನ್ನು ಕೈಯಲ್ಲಿ ಹಿಂಡಿ ನೋಡಿ, ಬೆಣ್ಣೆ ಕಣೇ ಬೆಣ್ಣೆ ಎಂದು ಹಿಗ್ಗಿ, ಅದಲುಬದಲು ಮಾಡಿಕೊಂಡರು. ಮಗ್ಗದವರೆಲ್ಲ ಈ ಮೆತ್ತನೆ ಮಣ್ಣಿಗೇ ಮುಗಿಬಿದ್ದರು. ಪಕ್ಕದ ಹೊಲದ ದೊಡ್ಡಮಾದಪ್ಪ ನೇಗಿಲು ನಿಲ್ಲಿಸಿ ಬಂದು, "ಬ್ಯಾಡ ಕಣಣ್ಣ, ಇದು ಅಳೇ ಕೆರೆ ಅಂಗ್ಳ. ನಾನ್ ಸಣ್ ಐದ ಆಗಿದ್ದಾಗ ಇಲ್ಲೇ ಏಡಿ ಇಡೀತಿದ್ದೆ" ಅಂದ. "ಮಗ್ಗದ್ ಇಚಾರ ನಿಂಗೇನ್ಲಾ ಗೊತ್ತು, ಓಗು" ಎಂದು ಇವರು ನಕ್ಕುಬಿಟ್ಟರು. ಅವನು ತನ್ನ ನೇಗಿಲಿಗೆ ಮರಳಿದ.

ಈಗ ಗುಂಡಿಯಲ್ಲಿ ಒಳ್ಳೆ ತಂಪು. ಬೆಳಗಾಗೆದ್ದು ನಿಮ್ಮಪ್ಪ ಅದರೊಳಗಿನ ನೀರನ್ನು ಮೊಗೆದು ಹಿತ್ತಿಲಿಗೆ ಚೆಲ್ಲುತ್ತಾರೆ. ಬಸಳೆ ಬಳ್ಳಿಗೆ ನೀರು ಹೊರುವ ಕೆಲಸ ನನಗೆ ತಪ್ಪಿತು, ಪುಣ್ಯ! ಪಡುವಣ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಹೊಸ ಗೋಡೆ ಒಣಗುವಾಗ ಹಾಗೇ ಅಂತೆ. ಪಕ್ಕದ ಮನೆಯ ಪುಟ್ಟಬಸಮ್ಮ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದಾಳೆ, ಹಬ್ಬಕ್ಕೆ ಇರಬೇಕು. ಸಾಲಿನಲ್ಲಿ ಈಗ ಸದ್ದಿಲ್ಲ. ನಮ್ಮ ಮಗ್ಗ ನಿಂತರೆ ಗುಂಡಿಯೊಳಗೆ ನೀರು ಜಿನುಗುವುದು ಕೇಳಿಸುತ್ತದೆ.

ನಿನಗೆಂದು ಕೋಣೆ ಸಿದ್ಧವಾಗಿದೆ. ಇರುವುದೇ ಒಂದು ಕೋಣೆ, ಪಡುವಣ ಗೋಡೆಗೆ ಹೊಂದಿಕೊಂಡದ್ದು. "ಬಸ್ರಿ ಮಗ್ಳು ಮನೇಲಿದ್ರೆ ಯಾವ್ ಇನ್ಸ್‌ಪೆಟ್ರು ಮನೆ ಖಾಲಿ ಅಂದಾನು? ತೊಟ್ಲು ಕಟ್ಬುಟ್ರೆ ಮುಗೀತು ಕಣೇ" ಎಂದು ನಿಮ್ಮಪ್ಪ ದಿನಕ್ಕೊಂದು ಸಲ ಹೇಳುತ್ತಾರೆ. ತೊಲೆಗೆ ಕೊಕ್ಕೆಯನ್ನೂ ಹೊಡೆದಾಗಿದೆ. ನೀನು ಹುಟ್ಟಿದಾಗ ನಮ್ಮವ್ವ ನನಗೆ ಎಣ್ಣೆ ತಿಕ್ಕಿ ಎರೆದ ಬಿಸಿನೀರು ಇನ್ನೂ ನನ್ನ ಬೆನ್ನಿಗೆ ನೆನಪಿದೆ. ನಿನಗೆ ನಾನು ಎರೆಯಬೇಕೆಂದು ಹರಳೆಣ್ಣೆ ಕಾಯಿಸಿ ತುಂಬಿಟ್ಟಿದ್ದೇನೆ. ಅದನ್ನು ನೋಡಿದರೆ ಅಳು ಬರುತ್ತದೆ.

ನಿಮ್ಮತ್ತೆ ಗೋವಿಂದಮ್ಮನವರಿಗೆ ನಮ್ಮ ನಮಸ್ಕಾರ ತಿಳಿಸು. ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ದಾರಿ ಕಾಯುತ್ತಿರುವ,
ನಿನ್ನ ಅವ್ವ
ಅನಸೂಯಮ್ಮ

ಮತ್ತೆ ಬರೆದದ್ದು: ನಿಮ್ಮಪ್ಪ ಓದಿ, ಚೆನ್ನಾಗಿದೆ ಎಂದು ರೇಷ್ಮೆ ತರಲು ಹೋದರು. ಇದನ್ನು ನಾನೇ ಟಪಾಲು ಡಬ್ಬಕ್ಕೆ ಹಾಕುತ್ತೇನೆ. ಭಾಗ್ಯ, ನೀನು ಬರಬೇಡ. ಪುಟ್ಟಬಸಮ್ಮ ಹೋದದ್ದು ಹಬ್ಬಕ್ಕಲ್ಲ. ಹೋದ ವಾರದ ಮಳೆಗೆ ಅವಳ ಮನೆಯ ಗೋಡೆ ತೊಟ್ಟಿಲ ಮೇಲೆ ಕುಸಿಯಿತು. ಮಗು ಆಗ ಅವಳ ಸೊಂಟದ ಮೇಲಿತ್ತು, ದೇವರು ದೊಡ್ಡವನು. ಅವಳು ಹೋದಮೇಲೆ ಇನ್ಸ್‌ಪೆಕ್ಟರು ಬಂದರು, ಬೀಗ ನೋಡಿ ಅವಳ ಹೆಸರು ಹೊಡೆದುಹಾಕಿದರು. ಅವತ್ತಿನಿಂದ ನಿಮ್ಮಪ್ಪನಿಗೆ ಬುದ್ಧಿ ನೆಟ್ಟಗಿಲ್ಲ. ಅವರು ಕೆಟ್ಟವರಲ್ಲ ಮಗಳೇ, ಬೀದಿಪಾಲಾಗುತ್ತೇವೆ ಎಂಬ ಭಯಕ್ಕೆ ಬೇರೇನೂ ಕಾಣಿಸುತ್ತಿಲ್ಲ. ಕೂದಲೆಳೆ ಎಂದು ಬರೆಸಿದ್ದೂ ಅವರೇ. ಆ ಬಿರುಕಿನೊಳಗೆ ಈಗ ನನ್ನ ಅಂಗೈ ಹೋಗುತ್ತದೆ. ಹಿಂಗಾರು ಇನ್ನೂ ಸರಿಯಾಗಿ ಹಿಡಿದೇ ಇಲ್ಲ.

ಅವರು ಕರೆಯಲು ಬಂದಾಗ ನೀನು ವಾದಕ್ಕೆ ನಿಲ್ಲಬೇಡ. ಗೋವಿಂದಮ್ಮನವರಿಗೆ ಇದನ್ನು ಓದಿ ಹೇಳು. ಎಂಟು ಬಿದ್ದಾಯಿತು, ಕಳಿಸುವುದಿಲ್ಲ ಎಂದು ಅವರು ಒಂದು ಮಾತು ಅಂದುಬಿಡಲಿ. ಬಸುರಿನ ತಿಂಗಳ ಲೆಕ್ಕದಲ್ಲಿ ಗಂಡಸರು ಎದುರಾಡುವುದಿಲ್ಲ. ಚೊಚ್ಚಲ ಬಾಣಂತನ ಮಾಡಲಾಗದ ತಾಯಿ ಎಂದು ಊರು ಆಡಿಕೊಂಡರೆ ಆಡಿಕೊಳ್ಳಲಿ. ನನ್ನನ್ನು ಬಾ ಎನ್ನಬೇಡ. ನಿಮ್ಮಪ್ಪ ಹನೂರಿಗೆ ಬಂದ ದಿನ ಇಲ್ಲಿ ಒಲೆ ಹೊತ್ತಿಸಿ, ಬಾಗಿಲು ತೆರೆದಿಟ್ಟುಕೊಂಡು ಒಬ್ಬರಾದರೂ ಕೂತಿರಬೇಕಲ್ಲ.

ಇವತ್ತು ಬೆಳಿಗ್ಗೆ ನೀರು ಮೊಗೆಯಲು ನಾನೇ ಇಳಿದಿದ್ದೆ. ಗುಂಡಿಯ ಪಕ್ಕದ ಮಣ್ಣಿನಿಂದ ಒಂದು ಏಡಿ ಹೊರಬಂತು. ನಿಮ್ಮಪ್ಪನಿಗೆ ಹೇಳಿಲ್ಲ. ಗೋಡೆಗೆ ಒರಗಿ ಕೂರುವುದನ್ನು ಮಾತ್ರ ಬಿಟ್ಟಿದ್ದೇನೆ.